ಮಾವನ ಬೀಟು, ನನ್ನ ಮೊಣಕಾಲು

ಮನೆಯಲ್ಲಿ ಒಬ್ಬರಿಗೆ ಮರೆವಿನ ಕಾಯಿಲೆ ಬಂತೆಂದರೆ ನೆನಪಿಟ್ಟುಕೊಳ್ಳುವಂಥ ಪ್ರಸಂಗಗಳಿಗೆ ಬರಗಾಲವಿರುವುದಿಲ್ಲ. ನಮ್ಮ ಮನೆಯಲ್ಲಂತೂ ವಾರಕ್ಕೆ ಎರಡಾದರೂ ನಡೆಯುತ್ತಿದ್ದವು. ಅಳುವಂಥವೂ ಇದ್ದವು. ಆದರೆ ಕೂತು ಅಳಲಿಕ್ಕೆ ಯಾರಿಗೂ ಪುರಸತ್ತಿರಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಮಾವ ಚಪ್ಪಲಿ ಮೆಟ್ಟಿ ಹೊರಟುಬಿಟ್ಟಿರುತ್ತಿದ್ದರು.

ಮಾವ ಎಂದರೆ ನನ್ನ ಹೆಂಡತಿಯ ತಂದೆ. ರೈಲಿನ ಹಳಿ ಕಾಯುವ ಕೆಲಸ ಮಾಡಿ ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ವಾಡಿಯಲ್ಲಿ ನಮ್ಮ ಜೊತೆಗೇ ಇದ್ದರು. ನಾನು ಚಿತ್ತಾಪುರದ ಒಂದು ಕಚೇರಿಯಲ್ಲಿ ಗುಮಾಸ್ತ. ನನ್ನ ಟೇಬಲಿನಿಂದ ಸಾಹೇಬರ ಟೇಬಲಿಗೆ ಹೋಗಿ ಬರುವುದೇ ನನ್ನ ವ್ಯಾಯಾಮ. ಎರಡು ಸಾವಿರದ ಇಸವಿಯ ಆಚೀಚೆ ಮಾವನಿಗೆ ಮರೆವು ಶುರುವಾಯಿತು. ಮೊದಲು ಹೆಸರುಗಳು ಹೋದವು, ಆಮೇಲೆ ವಾರ, ಆಮೇಲೆ ಊಟ ಮಾಡಿದ್ದು. ಕೊನೆಗೆ ಶಹಾಬಾದದಲ್ಲಿರುವ ಸ್ವಂತ ಮಗನ ಮುಖವೂ ಹೋಯಿತು. ಹೋಗದೆ ಉಳಿದದ್ದು ಒಂದೇ, ಡ್ಯೂಟಿ.

೧. ಬದಲಿ ಮನುಷ್ಯ

ಬೆಳಿಗ್ಗೆ ಆರಕ್ಕೆ ಮಾವ ಖಾಕಿ ಕೋಟು ಹಾಕಿ, ಬಗಲಲ್ಲಿ ಹಳೆಯ ನೋಟುಬುಕ್ಕು ಇಟ್ಟುಕೊಂಡು ಹೊರಡುತ್ತಿದ್ದರು. ಹಳಿಯ ಪಕ್ಕದ ಕಾಲುದಾರಿ ಹಿಡಿದು ಊರಾಚೆಯ ಚಹಾದ ಹೋಟೆಲಿನವರೆಗೆ ಹೋಗಿ, ಅಲ್ಲಿನ ಪರಸಿ ಕಲ್ಲಿನ ಕಟ್ಟೆಯ ಮೇಲೆ ಕೂತರೆ ಮುಗಿಯಿತು, ಮಧ್ಯಾಹ್ನವಾದರೂ ಏಳುತ್ತಿರಲಿಲ್ಲ. ನಾನು ಹಿಂದೆ ಹಿಂದೆ ಏದುಸಿರು ಬಿಡುತ್ತ ಹೋಗಿ ಕೈಮುಗಿಯುತ್ತಿದ್ದೆ.

"ಮಾವ, ಮನಿಗಿ ನಡೀರಿ. ನಾಷ್ಟಾ ಆರ್ಲಿಕತ್ತದ."

"ಹ್ಯಾಂಗ ಬರ್ಲಿರಿ ಅಳಿಯರ? ಬದ್ಲಿ ಮನಷ್ಯಾ ಬಂದಿಲ್ಲ."

ಒಂದು ದಿನ ಮನೆಗೆ ಬೀಗರು ಬಂದಿದ್ದಾರೆಂದು ಸುಳ್ಳು ಹೇಳಿ ಕರೆತಂದೆ. ಎರಡನೇ ದಿನ ಆ ಸುಳ್ಳು ನಡೆಯಲಿಲ್ಲ. ಮೂರನೇ ದಿನ ಹೋಟೆಲಿನ ಮಾಲೀಕ, ಅವನ ಅಪ್ಪನೂ ರೈಲ್ವೆಯವನೇ, ಗುಟ್ಟು ಬಿಡಿಸಿ ಹೇಳಿದ. ಹಳಿ ಕಾಯುವವರಿಗೆ ಒಬ್ಬೊಬ್ಬರಿಗೂ ಇಷ್ಟು ದೂರ ಎಂದು ಬೀಟು ಇರುತ್ತದೆ. ಬೀಟಿನ ಕೊನೆಯಲ್ಲಿ ಆಚೆ ಕಡೆಯಿಂದ ಬಂದವನು ಸಿಗಬೇಕು, ಅವನೇ ಬದಲಿ ಮನುಷ್ಯ. ಇವನ ಬುಕ್ಕು ಅವನಿಗೆ, ಅವನ ಬುಕ್ಕು ಇವನಿಗೆ. ಬುಕ್ಕು ಬದಲಾಗದೆ ತಿರುಗಿ ಬಂದರೆ ಹಳಿ ನೋಡಿದಂತೆಯೇ ಅಲ್ಲ.

"ನಿಮ್ಮ ಮಾವನೋರು ಹುಚ್ಚ ಹಿಡದು ಕುಂತಿಲ್ರಿ, ಡ್ಯೂಟಿ ಮ್ಯಾಲ ಕುಂತಾರ," ಎಂದ.

ಮರುದಿನವೇ ಒಂದು ಹೊಸ ನೋಟುಬುಕ್ಕು ತಂದು ಅವನ ಕೈಗೆ ಕೊಟ್ಟೆ. ಮಾವ ಬಂದರು. ಅವನು ಕೈ ಒರೆಸಿಕೊಂಡು ಬಂದು ಬುಕ್ಕು ಚಾಚಿದ. ಮಾವ ಅದನ್ನು ತೆಗೆದು ನೋಡಿ, ಸಹಿ ಮಾಡಿ, ತಮ್ಮದನ್ನು ಅವನಿಗೆ ಕೊಟ್ಟು, "ಲೈನ್ ಸಾಫ್ ಅದ" ಎಂದವರೇ ಮನೆಯ ಕಡೆ ತಿರುಗಿದರು. ನಾಷ್ಟಾ ಆರುವ ಮೊದಲೇ ಬಾಗಿಲಿಗೆ ಬಂದ ಅಪ್ಪನನ್ನು ನೋಡಿ ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂದಿನಿಂದ ಇದೇ ದಿನಚರಿ. ಒಮ್ಮೆ ಮಾತ್ರ ಹೋಟೆಲಿನವನು ಯಾರದೋ ಮದುವೆಗೆ ಹೋಗಿ ತಡವಾಗಿ ಬಂದ. ಕಟ್ಟೆಯ ಮೇಲೆ ಕೂತು ಕಾದಿದ್ದ ಮಾವ ಅವನಿಗೆ ಕೊಟ್ಟ ಬುಕ್ಕಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದರು: ಬದ್ಲಿ ಮನುಷ್ಯ ಗೈರುಹಾಜರ್.

ಅವನು ಅದನ್ನು ನನಗೆ ತೋರಿಸಿ ಮುಖ ಸಣ್ಣ ಮಾಡಿಕೊಂಡ. "ಇಪ್ಪತ್ತ ವರ್ಷ ಆತ್ರಿ ಹೋಟ್ಲ ಇಟ್ಟು. ಮಾಲೀಕ ನಾನೇ, ನೌಕರ ನಾನೇ. ನನಗ ಗೈರ್ಹಾಜರಿ ಹಾಕಿದ ಮೊದಲ ಮನಷ್ಯಾ ಇವರೇ ನೋಡ್ರಿ." ಮರುದಿನದಿಂದ ಅವನ ಹೋಟೆಲು ಅರ್ಧ ಗಂಟೆ ಮುಂಚೆ ತೆರೆಯತೊಡಗಿತು.

೨. ಭಾವನ ಬೀಗ

ಎಲ್ಲ ದಿನವೂ ಹೀಗೇ ಸುಸೂತ್ರವಾಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಒಂದು ದಿನ ನನಗೆ ಜ್ವರ. ಮಾವ ಒಬ್ಬರೇ ಹೋದರು, ಕಾಲುದಾರಿಯನ್ನು ಅಗೆದಿದ್ದರಿಂದ ದಿಕ್ಕು ತಪ್ಪಿದರು. ಇಡೀ ದಿನ ಹುಡುಕಿದೆವು. ಸಂಜೆ ಹೊತ್ತು ಮುಳುಗುವಾಗ ತೊಗರಿ ಹೊಲದ ಬದುವಿನ ಮೇಲೆ ಸಿಕ್ಕರು. ಬುಕ್ಕು ಬಗಲಲ್ಲೇ ಇತ್ತು.

ಹುಡುಕಲು ಶಹಾಬಾದದಿಂದ ಓಡಿ ಬಂದಿದ್ದ ನನ್ನ ಹೆಂಡತಿಯ ಅಣ್ಣ, ಅಂದರೆ ಭಾವ, ಅಂಗಳದಲ್ಲಿ ನಿಂತು ಚಿಕ್ಕ ಹುಡುಗನ ಹಾಗೆ ಅತ್ತ. ಅತ್ತು ಮುಗಿದ ಮೇಲೆ ಗಟ್ಟಿಯಾಗಿ ಹೇಳಿದ. "ಅಪ್ಪನ್ನ ನಾ ಒಯ್ತೀನಿ. ಹಿಂದಿನ ಖೋಲಿ ಖಾಲಿ ಅದ. ಹೊರಗಿಂದ ಬೀಗ ಹಾಕಿದ್ರ ಎಲ್ಲೂ ಹೋಗಂಗಿಲ್ಲ. ನಾಳಿಗಿ ರೈಲಿನ ಕೆಳಗ ಸಿಕ್ಕರ ಏನ್ ಮಾಡ್ತೀರಿ?"

ಅವನು ಕೆಟ್ಟವನಲ್ಲ, ಹೆದರಿದವನು. ಎಲ್ಲರೂ ಸೇರಿ ಕಲಬುರ್ಗಿಯ ಡಾಕ್ಟರಮ್ಮನ ಹತ್ತಿರ ಹೋದೆವು. ದಾರಿಯಲ್ಲಿ ಮಾತಿಗೆ ಜೊತೆಯಾಗಲೆಂದು ನಮ್ಮ ನೆರೆಮನೆಯ ಡ್ರಿಲ್ ಮಾಸ್ತರರೂ ಬಂದಿದ್ದರು. ಅವರು ದೂರದ ಓಟಗಾರರು. ಜಗತ್ತಿನ ಯಾವ ತೊಂದರೆಗೂ ಹತ್ತು ಕಿಲೋಮೀಟರ್ ಓಡುವುದೇ ಮದ್ದೆಂದು ನಂಬಿದವರು.

ಡಾಕ್ಟರಮ್ಮ ಭಾವನಿಗೆ ಸಮಾಧಾನವಾಗಿ ಹೇಳಿದರು. "ಇದು ಹುಚ್ಚಲ್ಲ, ಗಾಳಿ ಅಲ್ಲ, ಮಿದುಳಿನ ರೋಗ. ಬೀಗ ಹಾಕಿದ್ರ ರೋಗಕ್ಕ ಬೀಳಲ್ರಿ, ಮನುಷ್ಯಾಗ ಬೀಳ್ತದ. ಜೊತಿಗಿ ಒಬ್ರು ಇದ್ದು ನಡೀಲಿ ಬಿಡ್ರಿ." ಆಮೇಲೆ ನಿಟ್ಟುಸಿರು ಬಿಟ್ಟು, ಈ ಕಡೆಯ ಊರುಗಳಲ್ಲಿ ಇದನ್ನು ರೋಗ ಎಂದು ಯಾರೂ ತಿಳಿಯುವುದಿಲ್ಲ, ತಾವು ಮುದುಕರ ನೆನಪಿನ ಬಗ್ಗೆ ಅಧ್ಯಯನ ಮಾಡುತ್ತಿದ್ದರೂ ಊರೂರಿಗೆ ಹೋಗಿ ಪ್ರಶ್ನೆ ಕೇಳಲು ಜನ ಸಿಗುತ್ತಿಲ್ಲ ಎಂದರು.

ಡ್ರಿಲ್ ಮಾಸ್ತರರು ಕುರ್ಚಿಯಿಂದ ಎದ್ದೇಬಿಟ್ಟರು. "ನಡಕೋತೇ ಹೋಗೋಣ್ರಿ ಮೇಡಂ! ನಮ್ಮೂರು ಚಿಮ್ಮನಚೋಡದಿಂದ ಸುರು. ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ. ಏಳು ದಿನ. ಊರೂರಾಗ ಈ ರೋಗದ ಬಗ್ಗೆ ಹೇಳೋಣ, ನಿಮ್ಮ ಪ್ರಶ್ನೆನೂ ಕೇಳೋಣ. ಮಾವನೋರು ಮುಂದ, ನಾವು ಹಿಂದ."

ಭಾವ ಒಂದು ಷರತ್ತು ಹಾಕಿದ. ಅಪ್ಪ ಒಮ್ಮೆಯೂ ಕಳೆದುಹೋಗದೆ ಶಹಾಬಾದ ಮುಟ್ಟಿದರೆ ಬೀಗದ ಮಾತು ಎತ್ತುವುದಿಲ್ಲ. ಒಮ್ಮೆ ಕಳೆದರೂ ಹಿಂದಿನ ಖೋಲಿಯೇ ಗತಿ.

"ಏಳು ದಿನ! ನನ್ನ ಮೊಣಕಾಲು..." ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಬಾಗಿಲ ಕಡೆಯಿಂದ ಮಾವನ ಧ್ವನಿ ಕೇಳಿತು. ಕೋಟಿನ ಗುಂಡಿ ಹಾಕಿ, ಬುಕ್ಕು ಬಗಲಲ್ಲಿಟ್ಟು ತಯಾರಾಗಿದ್ದರು. "ಯಾರರ ಬರ್ತೀರೋ, ಇಲ್ಲಾ ನಾ ಒಬ್ಬನೇ ಹೋಗ್ಲೋ?"

೩. ರಜಾ ಅರ್ಜಿ

ರಜೆಗೆ ಅರ್ಜಿ ಬರೆದೆ. ಕಾರಣದ ಜಾಗದಲ್ಲಿ ಇದ್ದದ್ದು ಇದ್ದಂತೆ 'ಮಾವನವರ ಜೊತೆ ಚಿಮ್ಮನಚೋಡದಿಂದ ಶಹಾಬಾದದವರೆಗೆ ನಡೆಯುವ ಸಲುವಾಗಿ' ಎಂದು ಬರೆದಿದ್ದೆ. ಸಾಹೇಬರು ಎರಡು ಸಲ ಓದಿದರು.

"ಬಸ್ ಇಲ್ಲೇನ್ರಿ?"

"ಅದಾವ್ರಿ ಸಾಹೇಬ್ರ."

"ಮತ್ತ? ಇಷ್ಟು ವರ್ಷ ಸರ್ವಿಸ್ ಮಾಡೀರಿ, ಅರ್ಜಿ ಬರಿಲಿಕ್ಕ ಬರಲ್ಲ. ಖರೇ ಬರದ್ರ ನಾ ಹ್ಯಾಂಗ ಮಂಜೂರ ಮಾಡ್ಲಿ? ಮ್ಯಾಲಿನವರು ಕೇಳಿದ್ರ ಏನ್ ಹೇಳ್ಲಿ? ಹೊಟ್ಟಿನೋವು ಅಂತ ಬರೀರಿ."

ನನ್ನ ಸರ್ವಿಸಿನಲ್ಲಿ ನಿಜ ಬರೆದ ಒಂದೇ ಅರ್ಜಿ ಹಾಗೆ ತಿರಸ್ಕಾರವಾಯಿತು. ಹೊಟ್ಟೆನೋವು ಎರಡು ನಿಮಿಷದಲ್ಲಿ ಮಂಜೂರಾಯಿತು.

೪. ಚಿಮ್ಮನಚೋಡದ ಅಜ್ಜಿ

ಹನ್ನೆರಡು ಮಂದಿ ಹೊರಟೆವು. ಮಾವ, ನಾನು, ನನ್ನ ಹೆಂಡತಿ, ಡ್ರಿಲ್ ಮಾಸ್ತರರು, ಮಿಕ್ಕವರು ಅವರ ಬೆಳಗಿನ ಓಟದ ಗೆಳೆಯರು. ಮಾವನಿಗೆ ದಣಿವಾದರೆ ಕೂಡಿಸಲೆಂದು ಮೂರು ಗಾಲಿಯ ಒಂದು ಟಂಟಂ ಗಾಡಿ ಇತ್ತು. ಅದರ ಡ್ರೈವರನೇ ಮುಂದಿನ ಊರಿಗೆ ಮೊದಲು ಹೋಗಿ ಬುಕ್ಕು ಹಿಡಿದು ನಿಲ್ಲುವ ಬದಲಿ ಮನುಷ್ಯ.

ಚಿಮ್ಮನಚೋಡದಲ್ಲಿ ಡಾಕ್ಟರಮ್ಮನ ಪ್ರಶ್ನೆಗಳ ಹಾಳೆ ಹಿಡಿದು ನಾನು ಮೊದಲು ಹೋದದ್ದು ಕಟ್ಟೆಯ ಮೇಲೆ ಕೂತ ಒಬ್ಬ ಅಜ್ಜಿಯ ಹತ್ತಿರ. ಹಾಳೆಯ ಪ್ರಕಾರ ಮೊದಲು ಯಾವುದಾದರೂ ಮೂರು ವಸ್ತುಗಳ ಹೆಸರು ಹೇಳಬೇಕು, ಸ್ವಲ್ಪ ಹೊತ್ತಿನ ಮೇಲೆ ಅವು ಯಾವುವೆಂದು ಕೇಳಬೇಕು. ಹೇಳಿದೆ. ಆಮೇಲೆ ಮುಂದಿನ ಪ್ರಶ್ನೆ.

"ಅಮ್ಮ, ಇವತ್ತ ತಾರೀಖ ಎಷ್ಟು?"

"ತಾರೀಖ ತಗೊಂಡು ನಾ ಏನ್ ಮಾಡ್ಲಪ್ಪ? ಇವತ್ತ ತ್ರಯೋದಶಿ. ನಕ್ಷತ್ರ ಯಾವದದ, ನೀ ಹೇಳು."

ನನಗೆ ಗೊತ್ತಿರಲಿಲ್ಲ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹೋಗ್ಲಿ. ಆ ಹೊಲದಾಗ ಯಾವ ಬೆಳಿ ನಿಂತದ?"

"ಕಡ್ಲಿ."

"ಕುಸುಬಿ ಅದು. ನಾಡಿದ್ದ ಏನದ?"

"ನಾಡಿದ್ದ... ಸೇಡಂ ಮುಟ್ತೀವಿ."

"ಎಳ್ಳಮಾಸಿ ಅದ! ಹಬ್ಬನೂ ನೆನಪಿಲ್ಲೇನು?"

ನಾನು ಗಡಿಬಿಡಿಯಲ್ಲಿ ಹಾಳೆಗೆ ಮರಳಿದೆ. ಈಗ ಮೂರು ವಸ್ತು ಕೇಳಬೇಕು. ಯಾವ ಮೂರು ಹೇಳಿದ್ದೆ? ಬರೆದುಕೊಂಡಿರಲಿಲ್ಲ. ಪೆನ್ನು ಕಿವಿಗೆ ಸಿಕ್ಕಿಸಿ, ಆಕಾಶ ನೋಡಿ, ನೆಲ ನೋಡಿ, ತಲೆ ಕೆರೆದುಕೊಂಡೆ.

"ಕೊಡ, ಹಗ್ಗ, ಕಂದೀಲು," ಎಂದು ಅಜ್ಜಿಯೇ ಮೆಲ್ಲಗೆ ನೆನಪಿಸಿದಳು. ಆಮೇಲೆ ನನ್ನ ಹೆಂಡತಿಯನ್ನು ಹತ್ತಿರ ಕರೆದು ಕೈ ಹಿಡಿದಳು. "ಹೆದರಬ್ಯಾಡ ತಂಗಿ, ಈಗಷ್ಟೇ ಸುರು ಆಗ್ಯದ. ಆದ್ರ ಗಂಡನ್ನ ಎಲ್ಲೂ ಒಬ್ಬನ್ನೇ ಬಿಡಬ್ಯಾಡ."

೫. ಎಳ್ಳಮಾಸಿಯ ದಿನ

ಅಜ್ಜಿ ಹೇಳಿದ ಹಬ್ಬದ ಮಾತನ್ನು ಗಂಭೀರವಾಗಿ ತಗೊಂಡಿದ್ದರೆ ಮೂರನೇ ದಿನ ದಾರಿ ಹಿಡಿಯುತ್ತಲೇ ಇರಲಿಲ್ಲ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ನಮ್ಮ ಕಡೆ ಊರಲ್ಲಿ ಒಬ್ಬರೂ ಇರುವುದಿಲ್ಲ. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲದಲ್ಲಿ, ಭೂಮಿತಾಯಿಗೆ ಎಡೆಯ ಅನ್ನದ ಚರಗ ಚೆಲ್ಲಿ ಅಲ್ಲೇ ಊಟ. ದಾರಿಯಲ್ಲಿ ಹೋಗುವವರನ್ನು ಕರೆಯದೆ ಉಣ್ಣುವುದಿಲ್ಲ. ಆವತ್ತು ಸೇಡಂ ರಸ್ತೆಯಲ್ಲಿ ಹೋಗುತ್ತಿದ್ದವರು ನಾವು ಮಾತ್ರ.

ಮೊದಲ ಹೊಲದವರು ಕೈಬೀಸಿದರು. "ಬರ್ರಿ, ಕುಂದ್ರಿ, ಒಂದ್ ತುತ್ತು ಉಣ್ರಿ." ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಉಂಡೆವು, ಮರೆವಿನ ರೋಗದ ಬಗ್ಗೆ ಹೇಳಿದೆವು, ಎದ್ದೆವು. ಎರಡನೇ ಹೊಲದವರು, "ಅವರ ಹೊಲದಾಗ ಉಂಡೀರಿ, ನಮ್ಮದ್ಯಾಕ ಒಲ್ಲಿರಿ?" ಎಂದು ಅಡ್ಡ ನಿಂತರು. ಮೂರನೇ ಹೊಲ, ನಾಲ್ಕನೇ ಹೊಲ. ಓಟದ ಗೆಳೆಯರು ಒಬ್ಬೊಬ್ಬರೇ ಜಾಲಿ ಮರದ ನೆರಳಿಗೆ ಉರುಳಿದರು. ಎಂಥ ಬಿಸಿಲಿಗೂ ಜಗ್ಗದ ಡ್ರಿಲ್ ಮಾಸ್ತರರು ಐದನೇ ಹೊಲದ ಕಡಬಿಗೆ ಶರಣಾಗಿ ಕಣ್ಣು ಮುಚ್ಚಿದರು.

ಮಾವ ಮಾತ್ರ ಪ್ರತಿ ಹೊಲದಲ್ಲೂ ನಿಂತೇ ಒಂದು ತುತ್ತು ತಿಂದು, "ಡ್ಯೂಟಿ ಮ್ಯಾಲ ಅದೀನ್ರಿ" ಎಂದು ಹೆಜ್ಜೆ ಹಾಕುತ್ತಿದ್ದರು. ಪಕ್ಕದಲ್ಲಿ ನನ್ನ ಹೆಂಡತಿ.

ಸಂಜೆ ಕಾಗಿಣಾ ನದಿಯ ಸೇತುವೆಯ ಹತ್ತಿರ ಸೇಡಂದವರು ಹಾರ ಹಿಡಿದು ಕಾದಿದ್ದರು. ಅಪ್ಪ ಮಗಳು ನಡೆದು ಬಂದರು. ಅವರ ಹಿಂದೆ ಮಾವನಿಗಾಗಿ ಗೊತ್ತುಮಾಡಿದ್ದ ಟಂಟಂ ಎರಡು ಸಲ ಹೋಗಿ ಬಂದು ಹತ್ತೂ ಮಂದಿಯನ್ನು ತಂದು ಇಳಿಸಿತು. ಹಾರ ಹಿಡಿದವರೊಬ್ಬರು ಟಂಟಂ ಒಳಗೆ ಇಣುಕಿ, ಕಾಲು ಚಾಚಿ ಬಿದ್ದಿದ್ದ ನಮ್ಮನ್ನು ನೋಡಿ ಮರುಗಿದರು. "ಅಯ್ಯ ಪಾಪ, ಇವರೇ ಏನ್ರಿ ರೋಗದವರು? ಇಷ್ಟ ಮಂದಿ ಅದಾರೇನು?"

೬. ಔಷಧಿ ಎಲ್ಲಿ?

ಮರುದಿನ ಸೇಡಂ ಬಜಾರಿನಲ್ಲಿ ಡಾಕ್ಟರಮ್ಮ ಬಂದು ಮಾತಾಡಿದರು. ಜನ ಸುತ್ತ ಕೂಡಿದರು. ನಮ್ಮ ಕಡೆ ಬಜಾರಿನಲ್ಲಿ ನಿಂತು ರೋಗದ ಬಗ್ಗೆ ಇಷ್ಟು ಚಂದ ಮಾತಾಡಿದರೆ ಕೊನೆಗೆ ಜೋಳಿಗೆಯಿಂದ ಸೀಸೆ ಬರಲೇಬೇಕು. ಜನ ಸೀಸೆಗಾಗಿ ಕಾದರು.

"ಔಷಧಿ ತಗೀರಿ ಅಕ್ಕೋರ, ಬಸ್ಸಿಗಿ ಹೊತ್ತಾಗ್ತದ," ಎಂದ ಪಟಗ ಸುತ್ತಿದ ಒಬ್ಬ ಮುದುಕ.

"ಈ ರೋಗ ಪೂರಾ ವಾಸಿ ಮಾಡೋ ಔಷಧಿ ಇನ್ನಾ ಸಿಕ್ಕಿಲ್ಲ ಅಜ್ಜಾ. ಹುಡುಕ್ಲಿಕತ್ತಾರ," ಎಂದರು ಡಾಕ್ಟರಮ್ಮ.

ಮುದುಕ ಸಿಟ್ಟಿಗೆದ್ದ. "ಇಲ್ಲ ಅಂತ ಹೇಳ್ಲಿಕ್ಕ ಚಿಮ್ಮನಚೋಡದಿಂದ ನಡಕೋತ ಬಂದೀರಿ? ಇದ್ದಿದ್ರ ಏನ್ ಉರುಳಸೇವಾ ಮಾಡ್ಕೋತ ಬರ್ತಿದ್ರೇನು?"

ಇಡೀ ಬಜಾರು ನಕ್ಕಿತು, ಡಾಕ್ಟರಮ್ಮನೂ ನಕ್ಕರು. ಆದರೆ ನಗೆ ಮುಗಿದ ಮೇಲೆ ಆ ಮುದುಕ ಹೋಗಲಿಲ್ಲ. ಬಸ್ಸು ಬಿಟ್ಟು, ಎಲ್ಲರೂ ಚದುರುವವರೆಗೆ ನಿಂತು, ತನ್ನ ಹೆಂಡತಿ ಎರಡು ವರ್ಷದಿಂದ ತನ್ನನ್ನೇ ಕಳ್ಳನೆಂದು ಬೈಯುತ್ತಾಳೆ, ಊರವರು ಮಾಟ ಅನ್ನುತ್ತಾರೆ ಎಂದು ಹೇಳಿದ. ಡಾಕ್ಟರಮ್ಮ ಅವನನ್ನು ಕೂಡಿಸಿಕೊಂಡು ಬಹಳ ಹೊತ್ತು ಮಾತಾಡಿದರು. ನನ್ನ ಮೊಣಕಾಲು ನೋಯುವುದು ಆ ಹೊತ್ತಿನಲ್ಲಿ ನಿಂತುಹೋಯಿತು. ಹೋಗುವಾಗ ಮುದುಕ ನಮ್ಮೆಲ್ಲರಿಗೂ ಕೈಮುಗಿದ. "ಮುಂದಿನ ಊರಿಗೆ ಹೋಗ್ರಿ, ಹೇಳ್ರಿ. ಬರಗೈಲೇ ಬಂದೀರಂತ ಯಾರರ ಬೈದ್ರ ನನ್ನ ಹೆಸರು ಹೇಳ್ರಿ, ಬೈಯೋ ಹಕ್ಕು ಮೊದಲು ನಂದದ."

೭. ಹೊಟ್ಟೆನೋವಿನ ವಿಚಾರಣೆ

ಚಿತ್ತಾಪುರದಲ್ಲಿ ನಮ್ಮ ಕಚೇರಿಯ ಮುಂದೆಯೇ ಹಾದುಹೋಗಬೇಕಿತ್ತು. ತಲೆಗೆ ಟವೆಲು ಸುತ್ತಿಕೊಂಡು ಬಗ್ಗಿ ನಡೆದೆ. ಪ್ರಯೋಜನವಾಗಲಿಲ್ಲ. ಸಾಹೇಬರು ಇಡೀ ಕಚೇರಿಯನ್ನು ಕರೆದುಕೊಂಡು ಬೀದಿಗೆ ಬಂದು ನಿಂತಿದ್ದರು. ಮಾವ ನೇರ ಅವರ ಮುಂದೆ ಹೋಗಿ ಬುಕ್ಕು ಹಿಡಿದರು. ಒಂದು ಸಹಿಗೆ ಮೂರು ದಿನ ಓಡಾಡಿಸುವ ಸಾಹೇಬರು ನಿಂತ ಕಾಲಲ್ಲೇ ಸಹಿ ಹಾಕಿದ್ದನ್ನು ಅವತ್ತು ಚಿತ್ತಾಪುರ ಕಣ್ಣಾರೆ ಕಂಡಿತು.

ನನಗೆ ಹಾರ ಹಾಕುತ್ತ ಕಿವಿಯಲ್ಲಿ ಕೇಳಿದರು. "ಹೊಟ್ಟಿನೋವು ಹ್ಯಾಂಗದ?"

"ಕಮ್ಮಿ ಆಗ್ಯದ್ರಿ ಸಾಹೇಬ್ರ."

"ಇಷ್ಟ ಲಗೂನ ಕಮ್ಮಿ ಆಗಬಾರದ್ರಿ. ಇನ್ನಾ ಎರಡ ದಿನ ರಜಾ ಬಾಕಿ ಅದ."

೮. ಗ್ಯಾಂಗ್ ತಪ್ಪಿಸಿಕೊಂಡದ

ಏಳನೇ ದಿನ ವಾಡಿಯಿಂದ ಶಹಾಬಾದ. ವಾಡಿ ಸ್ವಂತ ಊರು ಎಂದ ಮೇಲೆ ಕೇಳಬೇಕೆ? ಬೆಳಿಗ್ಗೆಯೇ ಶಾಮಿಯಾನ ಹಾಕಿ ಸತ್ಕಾರ ಇಟ್ಟಿದ್ದರು. ಮೊದಲ ಹಾರ ಮಾವನಿಗೆ, ಎರಡನೆಯದು ಹೋಟೆಲಿನವನಿಗೆ. ಆಮೇಲೆ ಭಾಷಣಗಳು. ಡ್ರಿಲ್ ಮಾಸ್ತರರು ಮೈಕು ಹಿಡಿದು, "ಈ ಏಳು ದಿನಗಳಲ್ಲಿ ನಮ್ಮ ಹಿರಿಯರನ್ನು ಒಂದು ಕ್ಷಣವೂ ಕಣ್ಣಿಂದ ಮರೆಯಾಗಲು ಬಿಟ್ಟಿಲ್ಲ!" ಎಂದು ಕೂಗಿ, ಕೈ ತೋರಿಸಿ, ಕುರ್ಚಿಯ ಕಡೆ ತಿರುಗಿದರು. ಕುರ್ಚಿಯ ಮೇಲೆ ಹಾರ ಮಾತ್ರ ಇತ್ತು.

ಆರು ದಿನ ಕಾಪಾಡಿಕೊಂಡು ಬಂದು, ಕೊನೆಯ ದಿನ ಮನೆಯ ಬಾಗಿಲಲ್ಲೇ ಕಳೆದುಕೊಂಡಿದ್ದೆವು. ಬದಲಿ ಮನುಷ್ಯನಾಗಿ ಮುಂದೆ ಹೋಗಬೇಕಿದ್ದ ಟಂಟಂ ಡ್ರೈವರನೂ ಹಾರ ಹಾಕಿಸಿಕೊಳ್ಳಲು ಇಲ್ಲೇ ಕೂತಿದ್ದ. ಶಹಾಬಾದದ ಸ್ಟೇಷನ್ ಹತ್ತಿರದ ಮಂಟಪದಲ್ಲಿ ಭಾವ ಕಾಯುತ್ತಿದ್ದ, ಕಿಸೆಯಲ್ಲಿ ಬೀಗ ಇಟ್ಟುಕೊಂಡು.

"ಅಣ್ಣಗ ಫೋನ್ ಮಾಡಬ್ಯಾಡ್ರಿ," ಎಂದಳು ನನ್ನ ಹೆಂಡತಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಮೊದಲು ಹುಡುಕೋಣ."

ಟಂಟಂ ಅನ್ನು ಹಳಿಯ ಕಡೆ ಕಳಿಸಿ, ನಾವು ರಸ್ತೆ ಹಿಡಿದು ಓಡಿದೆವು. ಹೌದು, ಓಡಿದೆವು. ಬಿಟ್ಟುಹೋಗುವ ಬಸ್ಸಿಗೂ ಓಡದ ನಾನು, ಕೊರಳಲ್ಲಿ ಹಾರ ಹಾಕಿಕೊಂಡೇ, ಡ್ರಿಲ್ ಮಾಸ್ತರರನ್ನೂ ಹಿಂದೆ ಹಾಕಿ ಓಡಿದೆ. ಸಿಕ್ಕಸಿಕ್ಕವರನ್ನು ಕೇಳಿದೆವು. ಪರಸಿ ಕಲ್ಲು ಹೊತ್ತ ಲಾರಿಯವನು ಕಂಡಿಲ್ಲ ಎಂದ. ಎಮ್ಮೆ ಕಾಯುವವನು ಎಮ್ಮೆ ಮಾತ್ರ ಕಂಡಿದ್ದ. ಆ ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಇದ್ದದ್ದು ಆ ಹಿಂದಿನ ಖೋಲಿ, ಅದರ ಒಳಗಿಂದ ಬಾಗಿಲು ಬಡಿಯುತ್ತ ಬದಲಿ ಮನುಷ್ಯನನ್ನು ಕರೆಯುವ ಮಾವ. ಓಡುತ್ತಲೇ ಅತ್ತುಬಿಟ್ಟೆ. ಬೆವರಿನಲ್ಲಿ ಯಾರಿಗೂ ಕಾಣಲಿಲ್ಲ.

ಶಹಾಬಾದದ ಮಂಟಪ ಮುಟ್ಟಿದಾಗ ಜನ ಗದ್ದಲ ಮಾಡದೆ ನಿಂತಿದ್ದರು. ಸಂದಿಯಲ್ಲಿ ನುಗ್ಗಿ ನೋಡಿದೆ. ವೇದಿಕೆಯ ಅಂಚಿಗೆ ಮಾವ ಕೂತಿದ್ದರು, ಕೋಟಿನ ಒಂದು ಗುಂಡಿಯೂ ಬಿಚ್ಚದೆ. ಅವರ ಮುಂದೆ ಭಾವ ಕೈಕಟ್ಟಿ ನಿಂತಿದ್ದ. ನಡೆದದ್ದನ್ನು ಆಮೇಲೆ ಅವನೇ ಹೇಳಿದ.

ಮಾವ ಬಂದು ಮುಟ್ಟಿ ಒಂದು ತಾಸಿನ ಮೇಲಾಗಿತ್ತು. ವಾಡಿಯಲ್ಲಿ ಭಾಷಣ ಮುಗಿಯುವ ಲಕ್ಷಣ ಕಾಣದೆ, ಹೊತ್ತಿಗೆ ಸರಿಯಾಗಿ ಎದ್ದು ನಡೆದುಬಿಟ್ಟಿದ್ದರು. ಹಳಿಯ ಪಕ್ಕದ ತಮ್ಮ ಹಳೆಯ ದಾರಿಯಲ್ಲಿ, ಒಂದು ಹೆಜ್ಜೆಯೂ ತಪ್ಪದೆ. ಬಂದವರೇ ಸ್ವಂತ ಮಗನ ಮುಂದೆ ನಿಂತು ಕೇಳಿದರಂತೆ. "ಬದ್ಲಿ ಮನಷ್ಯಾ ನೀನೇ ಏನು?"

ಅಪ್ಪ ತನ್ನನ್ನು ಗುರುತಿಸಲಿಲ್ಲವೆಂದು ಭಾವನಿಗೆ ಗೊತ್ತಾಯಿತು. ಆದರೂ, "ಹೌದ್ರಿ, ನಾನೇ," ಎಂದ.

"ಬುಕ್ ಎಲ್ಲಿ?"

ಬುಕ್ಕು ಎಲ್ಲಿಂದ ಬರಬೇಕು? ಗಾಬರಿಯಲ್ಲಿ ಕಿಸೆಗೆ ಕೈ ಹಾಕಿದ. ಕೈಗೆ ಸಿಕ್ಕದ್ದು ಬೀಗ. ಮಾವ ಅದನ್ನು ಅವನ ಕೈಯಿಂದ ತ‌ಗೊಂಡು, ತಿರುವಿ ಮುರುವಿ ನೋಡಿ, ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡು, ಕೂತು ಬರೆಯತೊಡಗಿದರಂತೆ.

ನಾವು ಹನ್ನೊಂದು ಮಂದಿ ಅಲ್ಲೇ ನೆಲಕ್ಕೆ ಕುಸಿದೆವು. ಸಮಾರಂಭಕ್ಕೆ ಬಂದಿದ್ದ ಡಾಕ್ಟರಮ್ಮ ಮಾವನ ಅಪ್ಪಣೆ ಕೇಳಿ ಬುಕ್ಕು ಇಸಿದುಕೊಂಡು ಮೈಕಿನಲ್ಲಿ ಗಟ್ಟಿಯಾಗಿ ಓದಿದರು.

"ಚಿಮ್ಮನಚೋಡದಿಂದ ಶಹಾಬಾದ, ಲೈನ್ ಸಾಫ್ ಅದ. ಗ್ಯಾಂಗಿನ ಹನ್ನೊಂದು ಮಂದಿ ದಾರ್ಯಾಗ ತಪ್ಪಿಸಿಕೊಂಡಾರ. ಹುಡುಕಬೇಕು."

ಮಂಟಪ ಬಿದ್ದುಬಿದ್ದು ನಕ್ಕಿತು. ನನ್ನ ಹೆಂಡತಿ ಅಪ್ಪನ ಮೊಣಕಾಲಿಗೆ ತಲೆ ಇಟ್ಟು ನಗುತ್ತಲೇ ಅಳುತ್ತಿದ್ದಳು. ಡಾಕ್ಟರಮ್ಮ ಕೈ ಎತ್ತಿದರು. ಇನ್ನೂ ಇತ್ತು.

"ಬದ್ಲಿ ಮನುಷ್ಯ ಹಾಜರ್. ಹುಡುಗ ಹೊಸಬ, ಬುಕ್ ತಂದಿಲ್ಲ, ಆದ್ರ ಮುಖ ಪಾಪದ್ದು. ಈ ಸಲ ಮಾಫಿ. ಒಂದು ಬೀಗ ಸಿಕ್ಕದ. ಲೈನ್ ಮ್ಯಾಲ ಇಂಥಾ ಸಾಮಾನು ಬಿದ್ದಿರಬಾರದು. ಜಮಾ ಮಾಡೀನಿ."

ಭಾವ ಮುಂದೆ ಬಂದು, ಕಣ್ಣೊರೆಸಿಕೊಂಡು, ಆ ಬರಹದ ಕೆಳಗೆ ಸಹಿ ಹಾಕಿದ. ಬೀಗವನ್ನು ವಾಪಸ್ ಕೇಳುವ ಧೈರ್ಯ ಅವನಿಗೆ ಕೊನೆಯವರೆಗೂ ಬರಲಿಲ್ಲ. ಬದಲಿಗೆ ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೇ ವಾಡಿಯ ಚಹಾದ ಹೋಟೆಲಿನ ಕಟ್ಟೆಯ ಮೇಲೆ ಹಾಜರಿದ್ದ, ಕಂಕುಳಲ್ಲಿ ಹೊಸ ನೋಟುಬುಕ್ಕು. ಹೋಟೆಲಿನವನು ಚಹಾ ಕೊಡುತ್ತ, "ಇಷ್ಟ ಲಗೂನ ಯಾಕ ಬಂದೀರಿ?" ಎಂದು ಕೇಳಿದನಂತೆ.

"ಸುಮ್ನಿರಪ್ಪ," ಎಂದನಂತೆ ಭಾವ, ದಾರಿಯ ಕಡೆಯಿಂದ ಕಣ್ಣು ತೆಗೆಯದೆ. "ಹೊಸಬ ಅಂತ ಒಂದ ಸಲ ಮಾಫಿ ಆಗ್ಯದ. ಎರಡನೇ ಸಲ ನಮ್ಮಪ್ಪ ಬಿಡಂಗಿಲ್ಲ."